ನರವ್ಯೂಹ: ನಮ್ಮೊಳಗಿನ ಬಳ್ಳಿ

(ಬಾಳೂರಿನಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವವಳು. ನರವ್ಯೂಹದ ಬಗ್ಗೆ ಮಾತನಾಡಲು ವಿಜ್ಞಾನದ ಮೇಷ್ಟ್ರನ್ನು ಕರೆಯಬಹುದಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ಹತ್ತನೇ ತರಗತಿಯ ಮಕ್ಕಳು ಈ ಪಾಠ ಬಂದಾಗ ವಿಜ್ಞಾನದ ಪುಸ್ತಕ ಹಿಡಿದು ಮೊದಲು ಬರುವುದು ಭಾಷೆಯ ಶಿಕ್ಷಕರ ಹತ್ತಿರ. "ಮೇಡಂ, ಅನುಮಸ್ತಿಷ್ಕ ಅಂದ್ರೆ ಏನು? ಪರಾವರ್ತಿತ ಪ್ರತಿಕ್ರಿಯೆ ಅಂದ್ರೆ ಏನು?" ಶಬ್ದ ಬಿಡಿಸಿ ಹೇಳುವುದು ನನ್ನ ಕೆಲಸ. ಹಾಗೆ ಬಿಡಿಸುತ್ತಾ ಹೋದ ಹಾಗೆ ವಿಷಯವೂ ನನ್ನನ್ನು ಹಿಡಿದುಕೊಂಡಿತು. ಇಂದು ಪಾಠದ ಅರ್ಧ ಭಾಗ ಮಕ್ಕಳಿಗೆ, ಉಳಿದರ್ಧ ಮನೆಯ ದೊಡ್ಡವರಿಗೆ. ದೊಡ್ಡವರಿಗೆ ಹೇಳಬೇಕಾದ್ದು ಬಚ್ಚಲು ಮನೆಯ ವಿಚಾರ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 'ನರ' ಎಂಬ ಶಬ್ದವನ್ನೇ ನೋಡಿ. ಕೈಯ ಮೇಲೆ ಉಬ್ಬಿ ಕಾಣುವ ನೀಲಿ ಗೆರೆಯನ್ನು ನಾವು ನರ ಅನ್ನುತ್ತೇವೆ. ಅದು ರಕ್ತನಾಳ. ಗ್ಲೂಕೋಸ್ ಹಾಕುವಾಗ ನರ್ಸಮ್ಮ "ನರ ಸಿಗ್ತಾ ಇಲ್ಲ" ಅಂದರೆ ಅದೂ ರಕ್ತನಾಳವೇ. ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯನ್ನೂ ನರ ಅನ್ನುತ್ತೇವೆ, ಅದು ಸ್ನಾಯುವನ್ನು ಎಲುಬಿಗೆ ಕಟ್ಟಿದ ಪಟ್ಟಿ. ನಿಜವಾದ ನರ ಇವೆರಡೂ ಅಲ್ಲ. ಅದರಲ್ಲಿ ರಕ್ತ ಹರಿಯುವುದಿಲ್ಲ, ಅದು ಏನನ್ನೂ ಎಳೆಯುವುದಿಲ್ಲ, ಸುದ್ದಿಯನ್ನು ಮಾತ್ರ ಒಯ್ಯುತ್ತದೆ. ಉರ್ದುವಿನಲ್ಲೂ ಇದೇ ಗೊಂದಲ. ನಸ್, ರಗ್, ಪಟ್ಠಾ ಎಂದು ಮನೆಯಲ್ಲಿ ಒಂದಕ್ಕೊಂದು ಬದಲಾಗಿ ಬಳಸುತ್ತೇವೆ. ಪುಸ್ತಕದ ಶಬ್ದ 'ಅಸಬ್', ಬಹುವಚನ 'ಆಸಾಬ್'. ಅದು ಅರಬ್ಬಿಯಿಂದ ಬಂದದ್ದು. ಇಬ್ನ್ ಸೀನಾ (980–1037) ತಮ್ಮ 'ಅಲ್‌ ಖಾನೂನ್' ವೈದ್ಯಗ್ರಂಥದಲ್ಲಿ ನರಗಳ ರಚನೆಗೆ ಪ್ರತ್ಯೇಕ ಅಧ್ಯಾಯಗಳನ್ನೇ ಇಟ್ಟಿದ್ದಾರೆ. ಅವರಿಗೂ ಬಹಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಬುದ್ಧಿ ಇರುವುದು ಹೃದಯದಲ್ಲಿ, ಮೆದುಳು ರಕ್ತವನ್ನು ತಣ್ಣಗೆ ಮಾಡಲು ಇದೆ ಎಂದು ಬರೆದಿದ್ದ. ನಮ್ಮ ಗಝಲುಗಳ ಕವಿಗಳು ಇಂದಿಗೂ ಅರಿಸ್ಟಾಟಲನ ಪಕ್ಷದವರು. ದಿಲ್ ಎಂದು ಬರೆಯುತ್ತಾರೆ, ದಿಮಾಗ್ ಎಂದರೆ ಮುಖ ತಿರುಗಿಸುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ನೀವು ದಿಮಾಗ್ ಎಂದೇ ಬರೆಯಿರಿ!

ಇನ್ನು ರಚನೆ. ಇದಕ್ಕೆ ಚಿತ್ರಪಟಕ್ಕಿಂತ ಒಳ್ಳೆಯ ಸಾಧನ ನಮ್ಮ ಮನೆಗಳಲ್ಲೇ ಇದೆ. ಬಕ್ರೀದಿನ ದಿನ ಭೇಜಾ ತೊಳೆಯಲು ತಟ್ಟೆಗೆ ಹಾಕಿದಾಗ ಎರಡು ನಿಮಿಷ ನಿಂತು ನೋಡಿ. ಮೇಲೆ ಸುರುಳಿ ಸುರುಳಿಯಾಗಿ ಮಡಚಿದ ಎರಡು ದೊಡ್ಡ ಹೋಳುಗಳು, ಅದು ಮಹಾಮಸ್ತಿಷ್ಕ. ಹಿಂದೆ ಕೆಳಗಡೆ ಒತ್ತೊತ್ತಾಗಿ ಸಣ್ಣ ಗೆರೆಗಳಿರುವ ಚಿಕ್ಕ ಉಂಡೆ, ಅದು ಅನುಮಸ್ತಿಷ್ಕ. 'ಅನು' ಎಂದರೆ ಹಿಂದಿನಿಂದ ಬರುವುದು, ಅನುಜ ಎಂಬಲ್ಲಿ ಇದ್ದ ಹಾಗೆ. ಮಧ್ಯದಿಂದ ಕೆಳಗಿಳಿಯುವ ಕಾಂಡವೇ ಮೆದುಳು ಕಾಂಡ. ಉಸಿರಾಟ, ಎದೆಬಡಿತ, ನುಂಗುವುದು ಇವನ್ನೆಲ್ಲ ನಾವು ನಿದ್ದೆಯಲ್ಲಿದ್ದಾಗಲೂ ನೋಡಿಕೊಳ್ಳುವುದು ಇದೇ. ಹೋಳನ್ನು ಕತ್ತರಿಸಿದರೆ ಹೊರಗೆ ಬೂದು ಬಣ್ಣ, ಒಳಗೆ ಬಿಳಿ. ಬೂದು ಪದರದಲ್ಲಿ ನರಕೋಶಗಳ ಒಡಲು, ಬಿಳಿಯದರಲ್ಲಿ ಅವುಗಳ ಉದ್ದನೆಯ ಎಳೆಗಳು. ಮನುಷ್ಯನ ಮೆದುಳು ಇದೇ ಮಾದರಿಯದು. ಗಾತ್ರ ದೊಡ್ಡದು, ಮಡಿಕೆಗಳು ಹೆಚ್ಚು. ತೂಕ ಸುಮಾರು 1,300ರಿಂದ 1,400 ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಇರುವ ಇದು ನಾವು ಉಪಯೋಗಿಸುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ತಿನ್ನುತ್ತದೆ. ಬೆಳಿಗ್ಗೆ ತಿಂಡಿ ಬಿಟ್ಟು ಶಾಲೆಗೆ ಬರುವ ಹೆಣ್ಣುಮಕ್ಕಳು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ.

ಕುರಿಯ ಬೆನ್ನೆಲುಬಿನ ಒಳಗಿನಿಂದ ಬಿಳಿ ಹುರಿಯೊಂದನ್ನು ಎಳೆದು ತೆಗೆದು ಎಸೆಯುವುದನ್ನು ನೀವು ನೋಡಿರುತ್ತೀರಿ. ಉರ್ದು ವಿಜ್ಞಾನ ಪುಸ್ತಕದಲ್ಲಿ ಬೆನ್ನುಹುರಿಗೆ ಇರುವ ಹೆಸರೇ 'ಹರಾಮ್ ಮಗ್ಜ್'. ತರಗತಿಯಲ್ಲಿ ಈ ಶಬ್ದ ಬಂದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಇದಕ್ಕೆ 'ಮಿದುಳು ಬಳ್ಳಿ' ಎಂದಿದೆ. ನನಗೆ ಈ ಶಬ್ದ ಬಹಳ ಇಷ್ಟ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ದಿನವೂ ನೋಡುವ ಬಾಳೂರಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ದೊಡ್ಡವರಲ್ಲಿ ಈ ಬಳ್ಳಿ ಸುಮಾರು 45 ಸೆಂಟಿಮೀಟರ್ ಉದ್ದ, ದಪ್ಪ ಕಿರುಬೆರಳಿನಷ್ಟು. ಅದರಿಂದ ಎಡಕ್ಕೂ ಬಲಕ್ಕೂ 31 ಜೊತೆ ನರಗಳು ಹೊರಡುತ್ತವೆ. ನೇರವಾಗಿ ಮೆದುಳಿನಿಂದ ಹೊರಡುವುದು 12 ಜೊತೆ. ಒಟ್ಟು 43. ಇದು ಒಂದು ಅಂಕದ ಪ್ರಶ್ನೆ, ಬರೆದುಕೊಳ್ಳಿ.

ಬಿಸಿ ಪಾತ್ರೆ ಮುಟ್ಟಿದ ಕೂಡಲೇ ಕೈ ಹಿಂದೆ ಬರುತ್ತದೆ, "ಅಬ್ಬಾ!" ಎನ್ನುವುದು ಆಮೇಲೆ. ಕೈಯಿಂದ ಹೋದ ಸುದ್ದಿ ಬೆನ್ನುಹುರಿಯಲ್ಲೇ ತಿರುಗಿ ಸ್ನಾಯುವಿಗೆ ಅಪ್ಪಣೆಯಾಗಿ ಬರುತ್ತದೆ, ಮೆದುಳಿಗೆ ವರದಿ ನಂತರ ತಲುಪುತ್ತದೆ. ರೈಟರು ಧಣಿಗಳಿಗೆ ಫೋನು ಮಾಡುವ ಮೊದಲೇ ಆಳುಗಳನ್ನು ಮಳೆಯಿಂದ ಒಳಗೆ ಕರೆದ ಹಾಗೆ. ಇದೇ ಪರಾವರ್ತಿತ ಪ್ರತಿಕ್ರಿಯೆ. ವೇಗದ ನರಗಳಲ್ಲಿ ಸುದ್ದಿ ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ಓಡುತ್ತದೆ. ಮಂದ ನೋವಿನ ಎಳೆಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ. ಕಾಲು ಬೆರಳು ಕಲ್ಲಿಗೆ ಎಡವಿದಾಗ ಏಟು ಬಿದ್ದದ್ದು ಮೊದಲು ಗೊತ್ತಾಗಿ, ಒಂದು ಕ್ಷಣ ಬಿಟ್ಟು ಉರಿ ಬರುತ್ತದಲ್ಲ, ಅದಕ್ಕೆ ಕಾರಣ ಈ ವ್ಯತ್ಯಾಸ.

ಮೆದುಳಿನಲ್ಲಿ ನರಕೋಶಗಳು ಎಷ್ಟು? ಹಳೆಯ ಪುಸ್ತಕಗಳಲ್ಲಿ 10,000 ಕೋಟಿ ಎಂದಿರುತ್ತಿತ್ತು. ಬ್ರೆಜಿಲ್ ದೇಶದ ಸುಜಾನಾ ಹರ್ಕುಲಾನೊ-ಹೌಜೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2009ರಲ್ಲಿ ಹೊಸ ವಿಧಾನದಿಂದ ಎಣಿಸಿ ಸುಮಾರು 8,600 ಕೋಟಿ ಎಂದು ತೋರಿಸಿದರು. ಒಂದು ನರಕೋಶ ಇನ್ನೊಂದನ್ನು ಮುಟ್ಟಿಕೊಂಡಿರುವುದಿಲ್ಲ, ನಡುವೆ ಕಣ್ಣಿಗೆ ಕಾಣದ ಸಣ್ಣ ಸಂದು ಇರುತ್ತದೆ. ಎಳೆಯ ಉದ್ದಕ್ಕೂ ವಿದ್ಯುತ್ತಿನ ರೂಪದಲ್ಲಿ ಬಂದ ಸುದ್ದಿ ಇಲ್ಲಿ ರಾಸಾಯನಿಕವಾಗಿ ಸಂದನ್ನು ದಾಟುತ್ತದೆ. ನಮ್ಮ ಮಲೆನಾಡಿನಲ್ಲಿ ಸೇತುವೆ ಬರುವ ಮೊದಲು ಬಸ್ಸಿನಿಂದ ಇಳಿದು ದೋಣಿ ಹತ್ತಿ ಆಚೆ ಮತ್ತೆ ಬಸ್ಸು ಹಿಡಿಯುತ್ತಿದ್ದ ಹಾಗೆ. ದೋಣಿಯ ಕೆಲಸ ಮಾಡುವ ರಾಸಾಯನಿಕಗಳಲ್ಲಿ ಒಂದರ ಹೆಸರು ಅಸಿಟೈಲ್‌ಕೋಲಿನ್. ನರದಿಂದ ಸ್ನಾಯುವಿಗೆ ಅಪ್ಪಣೆ ದಾಟಿಸುವುದು ಅದೇ. ದಾಟಿಸಿದ ಮೇಲೆ ಅದನ್ನು ಒಡೆದು ಹಾಕಲು ಒಂದು ಕಿಣ್ವವೂ ಇದೆ.

ಈ ಸಂದಿನ ವಿಷಯ ತೋಟದಲ್ಲಿ ಕೆಲಸ ಮಾಡುವವರಿಗೆ ಜೀವ ಉಳಿಸುವ ವಿಷಯ. ನಾಗರಹಾವಿನ ವಿಷ ಹೋಗಿ ಕೂರುವುದು ಈ ದೋಣಿ ಬಂದು ತಾಗುವ ದಡದಲ್ಲಿ. ಕಟ್ಟುಹಾವಿನದು ದೋಣಿ ಹೊರಡುವ ದಡವನ್ನೇ ಹಾಳು ಮಾಡುತ್ತದೆ. ಎರಡರಲ್ಲೂ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ನೋವೇ ಇರದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ತೆರೆಯಲಾಗದ ಹಾಗೆ ಆಗುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಇನ್ನು ಬೋರರ್‌ಗೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಔಷಧಿಗಳು. ಇವು ಆ ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ದೋಣಿಗಳು ದಡದಲ್ಲಿ ತುಂಬಿ ತುಳುಕುತ್ತವೆ. ಜೊಲ್ಲು, ಬೆವರು, ವಾಂತಿ, ಸೂಜಿ ಮೊನೆಯಷ್ಟಾದ ಕಣ್ಣುಪಾಪೆ, ಮೈಯ ಮಾಂಸ ಅಲ್ಲಲ್ಲಿ ಅದುರುವುದು ಅದರ ಗುರುತು. ಸ್ಪ್ರೇ ಮಾಡಿ ಬಂದವರಿಗೆ ಹೀಗಾದರೆ ಬಟ್ಟೆ ಕಳಚಿ ಸೋಪು ಹಾಕಿ ತೊಳೆಯಿರಿ, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ. ಡಬ್ಬಿಯ ಮೇಲಿನ ಹೆಸರು ಡಾಕ್ಟರಿಗೆ ಬೇಕು. ಕಾಸರಗೋಡಿನ ಗೇರು ತೋಟಗಳ ಎಂಡೋಸಲ್ಫಾನ್ ಬೇರೆ ಗುಂಪಿನದು, ಆದರೆ ಅದೂ ನರಗಳ ಮೇಲೇ ಕೆಲಸ ಮಾಡುವ ವಿಷ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆಯುವವರೆಗೆ ನಮ್ಮ ಕಡೆಯೂ ಅಂಗಡಿಯಲ್ಲಿ ಸಿಗುತ್ತಿತ್ತು.

ಕಾಫಿಯ ನಾಡಿನಲ್ಲಿ ನಿಂತು ಕಾಫಿಯ ಮಾತು ಬಿಟ್ಟರೆ ನೀವು ಕ್ಷಮಿಸಲಿಕ್ಕಿಲ್ಲ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದರೆಂಬ ಐತಿಹ್ಯ ನಿಮಗೆಲ್ಲ ಗೊತ್ತು. ಆ ಬೀಜ ಮೆದುಳಿನಲ್ಲಿ ಮಾಡುವುದು ಇಷ್ಟೇ: ದಿನವಿಡೀ ದುಡಿದ ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಬಂದು, ತನ್ನ ಕುರ್ಚಿಯಲ್ಲಿ ಕೂತು ನಿದ್ದೆ ಬರಿಸುತ್ತದೆ. ಕೆಫೀನ್ ಅದರ ಕುರ್ಚಿಯಲ್ಲಿ ತಾನು ಹೋಗಿ ಕೂರುತ್ತದೆ. ಆಯಾಸ ಹೋಗಿರುವುದಿಲ್ಲ, ಆಯಾಸದ ಸುದ್ದಿ ತಲುಪಿರುವುದಿಲ್ಲ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ಲೋಟಗಟ್ಟಲೆ ಕುಡಿದು ಓದುವವರೇ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ.

ಈಗ ಬಚ್ಚಲು ಮನೆಗೆ ಬರೋಣ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಶುಕ್ರವಾರ ಬಂದರೆ ಗೈರು, ಇಲ್ಲವೇ ಮಂಕಾಗಿ ಬಂದು ಕೂರುತ್ತಿದ್ದ. ವಿಚಾರಿಸಿದಾಗ ತಾಯಿ ಹೇಳಿದ್ದು ಇದು: ಜುಮ್ಮಾ ದಿನ ತಲೆಗೆ ನೀರು ಹಾಕಿಕೊಳ್ಳುವಾಗಲೇ ಅವನಿಗೆ ಏನೋ ಆಗುತ್ತದೆ. ಕಣ್ಣು ಒಂದೇ ಕಡೆ ನೆಟ್ಟು, ಬಾಯಲ್ಲಿ ಏನೇನೋ ಗೊಣಗಿ, ಒಂದೆರಡು ಸಲ ಬಿದ್ದೂ ಬಿಟ್ಟಿದ್ದಾನೆ. ಬಚ್ಚಲಿನಲ್ಲಿ, ಅದೂ ಶುಕ್ರವಾರ. ಮನೆಯವರು ಏನು ಅಂದುಕೊಂಡರು ಎಂದು ನಾನು ಹೇಳಬೇಕಾಗಿಲ್ಲ. ಎರಡು ವರ್ಷ ತಾಯಿತ, ದಮ್ ಮಾಡಿಸಿದ ನೀರು. ದುವಾ ಮಾಡಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಎರಡು ವರ್ಷದ ನಂತರ ಒಬ್ಬ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ನೀರು ಎಷ್ಟು ಬಿಸಿ ಇರುತ್ತೆ? ಚೊಂಬಿನಲ್ಲಿ ನೇರ ತಲೆಗೆ ಹುಯ್ತೀರಾ?"

ಇದಕ್ಕೆ ಬಿಸಿನೀರಿನ ಮೂರ್ಛೆ ಎಂದು ಹೆಸರು. ಜಗತ್ತಿನಲ್ಲಿ ಇದು ಅಪರೂಪ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲ ವರದಿ ಬಂತು, ಆಮೇಲೆ ಜಪಾನ್, ಟರ್ಕಿಗಳಿಂದಲೂ ಬಂತು. ಆದರೆ ಅತಿ ಹೆಚ್ಚು ಕಂಡದ್ದು ನಮ್ಮ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಪ್ರಕಟಿಸಿದರು. ಸತೀಶ್‌ಚಂದ್ರ ಅವರು ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದರು. ನಮ್ಮಲ್ಲೇ ಏಕೆ ಹೆಚ್ಚು? ಬೇರೆ ಕಡೆಯವರು ದಿನವೂ ಮೈಗೆ ನೀರು ಹಾಕಿಕೊಳ್ಳುತ್ತಾರೆ, ಷವರ್ ಕೆಳಗೆ ನಿಲ್ಲುತ್ತಾರೆ. ನಾವು ಮೂರು ದಿನಕ್ಕೋ ವಾರಕ್ಕೋ ಒಮ್ಮೆ ತಲೆ ಸ್ನಾನ ಇಟ್ಟುಕೊಂಡು, ಹಂಡೆಯಲ್ಲಿ ಕಾಯಿಸಿದ ನೀರನ್ನು 40ರಿಂದ 50 ಡಿಗ್ರಿ ಬಿಸಿಯಲ್ಲಿ ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹುಯ್ಯುತ್ತೇವೆ. ಮಳೆಗಾಲದಲ್ಲಿ ಕಾಫಿ ಕಟ್ಟಿಗೆಯ ಒಲೆ ಧಗಧಗ ಉರಿಯುವ ನಮ್ಮ ಬಚ್ಚಲುಗಳ ಬಗ್ಗೆ ಹೇಳುವುದೇ ಬೇಡ. ನೆತ್ತಿಯ ಚರ್ಮದಿಂದ ಬಿಸಿಯ ಸುದ್ದಿ ಒಮ್ಮೆಗೇ ನುಗ್ಗಿದಾಗ, ಕೆಲವರ ಮೆದುಳಿನ ಒಂದು ಭಾಗದಲ್ಲಿ ನರಕೋಶಗಳು ಸರದಿ ತಪ್ಪಿ ಎಲ್ಲ ಒಟ್ಟಿಗೇ ಸಂಕೇತ ಬಿಡಲು ತೊಡಗುತ್ತವೆ. ಮೂರ್ಛೆ ಎಂದರೆ ಇದೇ. ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದ. ಇಂದು ಇ.ಇ.ಜಿ. ಎಂದು ಮಾಡಿಸುವ ಪರೀಕ್ಷೆ ಅದೇ.

ಇದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಅರ್ಧ ನಿಮಿಷದಿಂದ ಎರಡು ಮೂರು ನಿಮಿಷ ಇರುತ್ತದೆ. ಕೆಲವು ಮಕ್ಕಳಿಗೆ ಶುರುವಿನಲ್ಲಿ ಒಂದು ಬಗೆಯ ಹಿತವೆನಿಸಿ, ಬೇಡ ಎಂದರೂ ನೀರು ಹುಯ್ದುಕೊಳ್ಳುತ್ತಲೇ ಇರುತ್ತಾರೆ. ಇದನ್ನು ಹಠ ಎಂದು ಹೊಡೆದ ಮನೆಗಳೂ ಇವೆ. ಪರಿಹಾರ ಬಹುಪಾಲು ಮಕ್ಕಳಿಗೆ ತೀರ ಸರಳ. ನೀರು ಉಗುರು ಬೆಚ್ಚಗಿರಲಿ, ತಲೆಗೆ ಒಮ್ಮೆಲೇ ಹುಯ್ಯುವುದು ಬೇಡ. ಅಷ್ಟರಿಂದ ನಿಲ್ಲದವರಿಗೆ ಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆಯನ್ನು ಡಾಕ್ಟರು ಬರೆದುಕೊಡುತ್ತಾರೆ. ಕೆಲವರಲ್ಲಿ ಮುಂದೆ ಸ್ನಾನವಿಲ್ಲದಾಗಲೂ ಮೂರ್ಛೆ ಬರುವುದುಂಟು, ಆದ್ದರಿಂದ ನೀರು ಬದಲಿಸಿ ಸುಮ್ಮನಿರದೆ ಒಮ್ಮೆ ನರರೋಗ ತಜ್ಞರಿಗೆ ತೋರಿಸಲೇಬೇಕು. ಹುಡುಗನ ವಿಷಯ ಕೇಳುತ್ತೀರಾ? ಅವನ ಶುಕ್ರವಾರಗಳು ಅವನಿಗೆ ಮರಳಿ ಸಿಕ್ಕಿವೆ. ಈಗ ಅವನ ಗೈರುಹಾಜರಿಗೆ ಕ್ರಿಕೆಟ್ ಮಾತ್ರ ಕಾರಣ.

ಬೇರೆ ಬಗೆಯ ಮೂರ್ಛೆಗಳ ಬಗ್ಗೆಯೂ ಎರಡು ಮಾತು. ಡಾ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ನಗರ ಮತ್ತು ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆ ಮನೆ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸಾವಿರಕ್ಕೆ 8.8 ಮಂದಿಗೆ ಮೂರ್ಛೆ ರೋಗ ಇತ್ತು. ಹಳ್ಳಿಗಳಲ್ಲಿ ಅದು ಪಟ್ಟಣದ ಎರಡರಷ್ಟು. ಅಂದರೆ ಒಂದು ಸಾವಿರ ಜನರಿರುವ ಊರಿನಲ್ಲಿ ಹತ್ತು ಮನೆಗಳಲ್ಲಿ ಇದು ಇದೆ, ಆದರೆ ಇದೆ ಎಂದು ಹೇಳುವ ಮನೆ ಒಂದೂ ಸಿಗುವುದಿಲ್ಲ. ಹೆಣ್ಣುಮಗುವಾದರೆ ಮುಚ್ಚಿಡುವುದು ಇನ್ನೂ ಹೆಚ್ಚು. ನಿಕಾಹ್ ಆದ ಮೇಲೆ ಅತ್ತೆ ಮನೆಯಲ್ಲಿ ಗೊತ್ತಾಗಬಾರದೆಂದು ಮಾತ್ರೆ ನಿಲ್ಲಿಸುತ್ತಾಳೆ. ಹಾಗೆ ಇದ್ದಕ್ಕಿದ್ದಂತೆ ನಿಲ್ಲಿಸುವುದೇ ಎಲ್ಲಕ್ಕಿಂತ ಅಪಾಯ. ಗುಟ್ಟು ಆಗ ಒಲೆಯ ಮುಂದೆಯೋ ಬಾವಿಕಟ್ಟೆಯಲ್ಲೋ ಬಯಲಾಗುತ್ತದೆ. ಮೊದಲು ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಪದೇಪದೇ ಬರುವ ಮೂರ್ಛೆ ಮದುವೆಗೆ ಅಡ್ಡಿ ಎಂದು ಬರೆದಿತ್ತು. ಸಂಸತ್ತು 1999ರಲ್ಲಿ ಅದನ್ನು ತೆಗೆದುಹಾಕಿತು. ಕಾಯ್ದೆ ಬದಲಾಯಿತು, ನಮ್ಮ ಪಡಸಾಲೆಯ ಮಾತುಕತೆ ಬದಲಾಗಿಲ್ಲ. ಸಂಬಂಧ ನೋಡಲು ಹೋಗುವ ಹಿರಿಯರು ಇಲ್ಲಿ ಕೂತಿದ್ದೀರಿ, ನಿಮಗೇ ಹೇಳುತ್ತಿದ್ದೇನೆ. ಸರಿಯಾಗಿ ಔಷಧಿ ತೆಗೆದುಕೊಂಡರೆ ಹತ್ತರಲ್ಲಿ ಏಳು ಜನಕ್ಕೆ ಮೂರ್ಛೆ ಬಾರದ ಹಾಗೆ ತಡೆಯಬಹುದು. ರಂಜಾನ್ ಬಂದಾಗ ಮಾತ್ರೆಯನ್ನು ನೀವೇ ಬಿಡಬೇಡಿ. ತಿಂಗಳು ಮುಂಚೆ ಡಾಕ್ಟರನ್ನು ಕಾಣಿ. ಕೆಲವರಿಗೆ ಸಹರಿ, ಇಫ್ತಾರಿನ ಹೊತ್ತಿಗೆ ಹೊಂದಿಸಬಹುದು, ಕೆಲವರಿಗೆ ಉಪವಾಸ ಬೇಡ ಎನ್ನುತ್ತಾರೆ. ರೋಗಿಗೆ ವಿನಾಯಿತಿ ಇರುವುದು ನಿಮಗೆ ನಾನು ಕಲಿಸಬೇಕಾದ ವಿಷಯವಲ್ಲ.

ಎದುರಿಗೇ ಯಾರಾದರೂ ಬಿದ್ದರೆ? ಕಬ್ಬಿಣ, ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಬಾಯಿಗೆ ಚಮಚ ತುರುಕಬೇಡಿ, ಹಲ್ಲು ಮುರಿಯುತ್ತದೆ. ನೀರೂ ಕುಡಿಸಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಸುತ್ತಲಿನ ಕಲ್ಲು, ಕತ್ತಿ, ಬೆಂಕಿ ದೂರ ಮಾಡಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡಿ. ಇನ್ನೊಂದು ಮಾತು, ಇಂಥ ಮಕ್ಕಳಿರುವ ಮನೆಯಲ್ಲಿ ಬಚ್ಚಲಿನ ಬಾಗಿಲಿಗೆ ಒಳಗಿನ ಚಿಲಕ ಬೇಡ, ಪರದೆ ಸಾಕು.

ಲಕ್ವಾ ಹೊಡೆಯುವುದರ ಬಗ್ಗೆ ಪ್ರತ್ಯೇಕ ಭಾಷಣವೇ ಬೇಕು, ಇಂದು ಇಷ್ಟು ಕೇಳಿಸಿಕೊಳ್ಳಿ. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಮೇಲೇಳದಿರುವುದು, ಮಾತು ತೊದಲುವುದು ಕಂಡರೆ ಅದು ಮೆದುಳಿನ ರಕ್ತನಾಳದ ತೊಂದರೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ಬಾಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಮುಟ್ಟಲು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಪಾರಿವಾಳದ ರಕ್ತ ಹಚ್ಚಲು ಉಳಿಯುವ ಸಮಯ ಎಷ್ಟು, ನೀವೇ ಲೆಕ್ಕ ಹಾಕಿ.

ಮಕ್ಕಳೇ, ಬೆಂಗಳೂರಿಗೆ ಪ್ರವಾಸ ಹೋದರೆ ಲಾಲ್‌ಬಾಗ್ ನೋಡಿ ವಾಪಸ್ಸು ಬಂದುಬಿಡಬೇಡಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ತರಬೇತಿ ಸಂಸ್ಥೆ ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆದದ್ದು. ಅಲ್ಲಿ ಮೆದುಳಿನ ವಸ್ತುಸಂಗ್ರಹಾಲಯವಿದೆ. ಡಾ. ಎಸ್.ಕೆ. ಶಂಕರ್ ಎಂಬ ವೈದ್ಯರ ಅನೇಕ ವರ್ಷಗಳ ಶ್ರಮದ ಫಲ ಅದು. ಗಾಜಿನ ಜಾಡಿಗಳಲ್ಲಿ ಆರೋಗ್ಯವಂತ ಮೆದುಳು, ಏಟು ಬಿದ್ದ ಮೆದುಳು, ಗಡ್ಡೆಯಾದ ಮೆದುಳು ಸಾಲಾಗಿ ಇವೆ. ಹೆಲ್ಮೆಟ್ ಹಾಕದವರಿಗೆ ಆ ಎರಡನೆಯ ಸಾಲು ಸಾಕು. ಕೈಗವಸು ಕೊಟ್ಟು ನಿಜವಾದ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿಯಲೂ ಬಿಡುತ್ತಾರೆ. ಶಾಲೆಯಿಂದ ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಆ ಪತ್ರದ ಕರಡನ್ನು ಮುಂದಿನ ಕನ್ನಡ ತರಗತಿಯಲ್ಲಿ ನಿಮ್ಮಿಂದಲೇ ಬರೆಸುತ್ತೇನೆ, ಪತ್ರಲೇಖನದ ಅಭ್ಯಾಸವೂ ಆದೀತು.

 ತಾಯಂದಿರಲ್ಲಿ ಯಾರಿಗಾದರೂ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಕೇಳುವುದಿದ್ದರೆ ಚಹಾದ ಹೊತ್ತಿನಲ್ಲಿ ನಾನು ಹಿಂದಿನ ಕೋಣೆಯಲ್ಲಿ ಇರುತ್ತೇನೆ.